ಆತ್ಮರಕ್ಷಣೆಗೆ ಯಾವ ಬೋರಿನ ಪಿಸ್ತೂಲು?

ಸೈನ್ಯದಿಂದ ನಿವೃತ್ತನಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ತೋಟದ ಮನೆಯಲ್ಲಿ ನೆಲೆಸಿದ ಮೇಲೆ ನೆಂಟರೂ ನೆರೆಕರೆಯವರೂ ನನ್ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಆತ್ಮರಕ್ಷಣೆಗೆಂದು ಪಿಸ್ತೂಲನ್ನೋ ರಿವಾಲ್ವರನ್ನೋ ತೆಗೆದುಕೊಳ್ಳುವುದಾದರೆ ಯಾವ ಬೋರಿನದ್ದನ್ನು, ಎಂದರೆ ನಳಿಗೆಯ ಒಳವ್ಯಾಸ ಎಷ್ಟಿರುವುದನ್ನು, ಆರಿಸಬೇಕು? ಕೇಳುವವರಲ್ಲಿ ಹೆಚ್ಚಿನವರು ಅಮೆರಿಕದ ವಿಡಿಯೋಗಳನ್ನು ನೋಡಿ, 9 ಮಿ.ಮೀ. ಮೇಲೋ .45 ಇಂಚಿನದು ಮೇಲೋ ಎಂಬ ವಾದವನ್ನು ತಲೆಯಲ್ಲಿ ತುಂಬಿಕೊಂಡೇ ಬಂದಿರುತ್ತಾರೆ.

ನಮ್ಮಲ್ಲಿ ಆ ವಾದದ ಮುಕ್ಕಾಲು ಪಾಲನ್ನು 1959ರ ಆಯುಧ ಕಾಯ್ದೆಯೇ ಮುಗಿಸಿಬಿಟ್ಟಿದೆ. ನಾನು ಸೇವೆಯಲ್ಲಿದ್ದಾಗ ಬಳಸುತ್ತಿದ್ದ 9 ಮಿ.ಮೀ. ಪಿಸ್ತೂಲು ನಿಷೇಧಿತ ಬೋರಿನ ಪಟ್ಟಿಯಲ್ಲಿದೆ; .38 ರಿವಾಲ್ವರೂ ಹಾಗೆಯೇ. ವಿದೇಶಿ ಕೈಕೋವಿಗಳ ಆಮದು 1980ರ ದಶಕದಲ್ಲೇ ನಿಂತುಹೋದ ಕಾರಣ, ಅದಕ್ಕೂ ಮೊದಲು ಬಂದ ಹಳೆಯ ಪಿಸ್ತೂಲುಗಳು ಇಂದಿಗೂ ಲಕ್ಷಗಟ್ಟಲೆ ಬೆಲೆಗೆ ಕೈ ಬದಲಾಗುತ್ತಿವೆ. ಸಾಮಾನ್ಯ ಅರ್ಜಿದಾರನ ಮುಂದೆ ಉಳಿಯುವುದು ಮುಖ್ಯವಾಗಿ .32 ರಿವಾಲ್ವರ್, .32 ಪಿಸ್ತೂಲು ಮತ್ತು ಚಿಕ್ಕದಾದ .22. ಕಾನ್ಪುರದ ಸರಕಾರಿ ಕಾರ್ಖಾನೆ 2014ರಲ್ಲಿ ಹೊರತಂದ, ಸುಮಾರು ಅರ್ಧ ಕಿಲೋ ತೂಗುವ 'ನಿರ್ಭೀಕ್' ಕೂಡ .32 ರಿವಾಲ್ವರೇ.

ಇಲ್ಲೊಂದು ಎಚ್ಚರಿಕೆ ಅಗತ್ಯ. ರಿವಾಲ್ವರಿನ .32 ತೋಟೆ ಬೇರೆ, ಪಿಸ್ತೂಲಿನ .32 ತೋಟೆ ಬೇರೆ. ಮೊದಲನೆಯದು ಬುಡದಲ್ಲಿ ಅಗಲವಾದ ಅಂಚಿರುವ ಉದ್ದನೆಯ ತೋಟೆ. ಎರಡನೆಯದು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಪಿಸ್ತೂಲಿಗೆಂದೇ ರೂಪಿಸಿದ, 7.65 ಮಿ.ಮೀ. ಎಂದೂ ಕರೆಯುವ ಗಿಡ್ಡ ತೋಟೆ. ಅಂಗಡಿಯಲ್ಲಿ ಬರೀ '.32 ಕೊಡಿ' ಎಂದರೆ ಸಾಲದು.

ಶಕ್ತಿಯ ಲೆಕ್ಕ ಬೇಕೆನ್ನುವವರಿಗೆ ಹೇಳುವುದಾದರೆ, .32 ಪಿಸ್ತೂಲಿನ ಗುಂಡು ನಳಿಗೆಯಿಂದ ಹೊರಡುವಾಗ ಸುಮಾರು 170 ಜೂಲ್ ಶಕ್ತಿ ಹೊಂದಿರುತ್ತದೆ, ರಿವಾಲ್ವರಿನದು ಅದಕ್ಕಿಂತ ತುಸು ಕಡಿಮೆ. 9 ಮಿ.ಮೀ. ಮತ್ತು .45 ಎರಡೂ 500 ಜೂಲಿನ ಆಸುಪಾಸಿನಲ್ಲಿವೆ, ಎಂದರೆ ವಿಡಿಯೋಗಳಲ್ಲಿ ಅಷ್ಟು ಜೋರಾಗಿ ಜಗಳವಾಡುವ ಆ ಎರಡು ಬಣಗಳ ನಡುವೆ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಅಂತರವೇ ಇಲ್ಲ. .32 ದುರ್ಬಲ ಎಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ನಡೆದ ದಾರಿಯನ್ನು ನೋಡಿ. 1986ರಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಅಧಿಕಾರಿಗಳನ್ನು ಕಳೆದುಕೊಂಡ ಆ ಸಂಸ್ಥೆ, 9 ಮಿ.ಮೀ. ಗುಂಡು ಸಾಕಷ್ಟು ಆಳಕ್ಕೆ ಇಳಿಯಲಿಲ್ಲವೆಂದು ದೂರಿ 10 ಮಿ.ಮೀ.ಗೂ ಅನಂತರ .40ಕ್ಕೂ ಹೋಯಿತು, ಸುಮಾರು ಮೂರು ದಶಕಗಳ ಬಳಿಕ, ಗುಂಡುಗಳ ರಚನೆ ಸುಧಾರಿಸಿದ್ದರಿಂದ ಮತ್ತು ಹಿಂದೊದೆತ ಕಡಿಮೆಯಿರುವ 9 ಮಿ.ಮೀ.ನಲ್ಲಿ ಅಧಿಕಾರಿಗಳು ಬೇಗನೆ, ಸರಿಯಾಗಿ ಗುರಿ ಹೊಡೆಯುತ್ತಿದ್ದುದರಿಂದ ಮರಳಿ ಅಲ್ಲಿಗೇ ಬಂತು. ತರಬೇತಾದ ಕೈಗಳ ಕಥೆಯೇ ಹೀಗಿದ್ದರೆ, ವರ್ಷಕ್ಕೊಮ್ಮೆ ಕಪಾಟಿನಿಂದ ಹೊರತೆಗೆಯುವವನ ಕೈ ಎಂತಹದಿದ್ದೀತು!

ಹಾಗಾಗಿ ನನ್ನ ಉತ್ತರ .32 ರಿವಾಲ್ವರ್. ಪಿಸ್ತೂಲು ತೆಳ್ಳಗಿದೆ, ಹೆಚ್ಚು ತೋಟೆ ಹಿಡಿಯುತ್ತದೆ, ಆದರೆ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆಯಬೇಕು, ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿಯನ್ನು ನೆನಪಿಡಬೇಕು, ತೋಟೆ ಸಿಕ್ಕಿಕೊಂಡರೆ ಬಿಡಿಸಲು ಬರಬೇಕು. ಅಭ್ಯಾಸವಿಲ್ಲದವನಿಗೆ ಕತ್ತಲಲ್ಲಿ ಇವೆಲ್ಲ ಆಗದ ಕೆಲಸ. ರಿವಾಲ್ವರಿನ ಟ್ರಿಗರ್ ಬಿಗಿಯಾಗಿರುವುದರಿಂದ ಗುರಿ ಅಲುಗುತ್ತದೆ ಎಂಬ ದೂರು ಸರಿಯೇ. ಅದಕ್ಕೆ ಮದ್ದು ಅಭ್ಯಾಸವೊಂದೇ, ಅಭ್ಯಾಸಕ್ಕೆ ತೋಟೆ ಬೇಕು, ಆ ತೋಟೆಯ ಸಂಖ್ಯೆಗೂ ಲೈಸೆನ್ಸಿನಲ್ಲಿ ಮಿತಿ ಇರುತ್ತದೆ. .22 ಅಗ್ಗ, ಹಗುರ, ಗುರಿ ಕಲಿಯಲು ಉತ್ತಮ; ರಕ್ಷಣೆಗೆ ಅದನ್ನು ನೆಚ್ಚಿಕೊಳ್ಳಿ ಎಂದು ನಾನು ಹೇಳಲಾರೆ. ಅಂದ ಹಾಗೆ, ಯಾವುದನ್ನೇ ಕೊಂಡರೂ ಚರ್ಮದ ಚೀಲದೊಳಗೆ ಹಾಕಿ ಕಪಾಟಿನಲ್ಲಿಡಬೇಡಿ. ನಮ್ಮ ಮಳೆಗೆ ಆಟಿ ತಿಂಗಳು (ಆಷಾಢದ ಹೊತ್ತು) ಮುಗಿಯುವಷ್ಟರಲ್ಲಿ ನಳಿಗೆಗೆ ತುಕ್ಕು, ಹಿತ್ತಾಳೆಯ ತೋಟೆಗೆ ಕಿಲುಬು ಹಿಡಿದಿರುತ್ತದೆ.

ಮುಳ್ಳೇರಿಯ, ಅಡೂರು, ಬಂದಡ್ಕದ ಕಡೆಯ ಕೃಷಿಕರು ಕೇಳುವಾಗ ನಾನು ಮರುಪ್ರಶ್ನೆ ಹಾಕುತ್ತೇನೆ: ಭಯ ಮನುಷ್ಯನದೋ ಹಂದಿಯದೋ? ಕಾಡುಹಂದಿಯ ಮುಂದೆ .32 ನಿಷ್ಪ್ರಯೋಜಕ, ಗಾಯಗೊಂಡ ಹಂದಿ ಗಾಯಗೊಳ್ಳದ ಹಂದಿಗಿಂತ ಅಪಾಯಕಾರಿ. ಅದಕ್ಕೆ 12 ಬೋರಿನ ಕೋವಿಯೇ ಬೇಕು. ಕೈಯಲ್ಲಿ ಕೋವಿಯಿದ್ದ ಮಾತ್ರಕ್ಕೆ ಹೊಡೆಯುವಂತೆಯೂ ಇಲ್ಲ. ಕೇರಳ ಸರಕಾರ 2022ರಲ್ಲಿ ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ಕೊಟ್ಟಿರುವುದರಿಂದ ಆ ಅರ್ಜಿ ಪಂಚಾಯತಿಗೆ ಹೋಗಬೇಕು.

ಭಯ ಮನುಷ್ಯನದೇ ಆದರೆ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಓದಿಕೊಳ್ಳಿ. ರಕ್ಷಣೆಗೆ ಬೇಕಾದಷ್ಟೇ ಬಲ ಎಂಬುದು ಅವುಗಳ ತಿರುಳು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆದವನು ಕಟಕಟೆಯಲ್ಲಿ ತಾನೇ ನಿಲ್ಲಬೇಕಾದೀತು.

ನಮ್ಮ ಗಡಿಯವರು ಬೋರಿಗಿಂತ ಮೊದಲು ನೋಡಬೇಕಾದದ್ದು ಲೈಸೆನ್ಸಿನಲ್ಲಿ ವ್ಯಾಪ್ತಿಯನ್ನು ನಮೂದಿಸಿದ ಜಾಗವನ್ನು. ನಮ್ಮ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲವೂ ಮಂಗಳೂರಿನಲ್ಲಿ. ಅಡಿಕೆ ಮಾರಲು ಪುತ್ತೂರಿಗೆ ಹೋಗುವವರೂ ಅನೇಕರು. ಆ ಜಾಗದಲ್ಲಿ ಕೇರಳ ಎಂದಷ್ಟೇ ಬರೆದಿದ್ದರೆ, ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡು ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟೊಡನೆ ಅದು ಲೈಸೆನ್ಸಿಲ್ಲದ ಆಯುಧಕ್ಕೆ ಸಮ. ಅರ್ಜಿ ಹಾಕುವಾಗಲೇ ಕಾರಣ ಸಹಿತ ಕರ್ನಾಟಕವನ್ನೂ ಸೇರಿಸಲು ಕೇಳಿ. ಸಿಗದಿದ್ದರೆ ಗಡಿಯಾಚೆಗೆ ಹೋಗುವ ದಿನ ಅದನ್ನು ಮನೆಯಲ್ಲೇ ಬೀಗ ಹಾಕಿಟ್ಟು ಹೊರಡಿ.