ಬಾಟಲಿ ತುಂಬಿಸುವ ಮುನ್ನ

ಹೊಳೆ ಉಳಿಸಿ ಎಂದು ಬ್ಯಾನರ್ ಹಿಡಿಯುವುದು ಸುಲಭ. ಹೊಳೆ ಕೆಟ್ಟಿದೆ ಎಂಬ ದೂರಿಗೆ ಬಲ ಬರುವುದು ಪರೀಕ್ಷೆಗೆ ತೆಗೆದ ನೀರಿನ ಮಾದರಿಯಿಂದ. ಕೊಳಚೆ ಸೇರುವ ಜಾಗದ್ದೊಂದೇ ಸಾಲದು. ಅದಕ್ಕಿಂತ ಮೇಲ್ಗಡೆ ಒಂದು, ಕೆಳಗಡೆ ಒಂದು ಬೇಕು; ಹೋಲಿಕೆಗೆ ಏನೂ ಇಲ್ಲದ ವರದಿಯನ್ನು ತಳ್ಳಿಹಾಕುವುದು ಸುಲಭ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿರಹಿತ ಬಾಟಲಿ. ಹೊಳೆ ನೀರಲ್ಲಿ ಅದನ್ನು ತೊಳೆಯಬೇಡಿ. ಸುಮಾರು 30 ಸೆಂ.ಮೀ. ಆಳದಲ್ಲಿ, ಬಾಯಿ ಹರಿವಿಗೆ ಎದುರಾಗಿ ಹಿಡಿದು, ಮೇಲೆ ತುಸು ಜಾಗ ಬಿಟ್ಟು ತುಂಬಿಸಿ. ಕೂಡಲೇ ಐಸ್‌ ಪೆಟ್ಟಿಗೆಗೆ. ಪರೀಕ್ಷೆ ಶುರುವಾಗುವಷ್ಟರಲ್ಲಿ 24 ಗಂಟೆ ದಾಟಿದರೆ ಬ್ಯಾಕ್ಟೀರಿಯಾ ಎಣಿಕೆ ನಂಬುವಂತಿಲ್ಲ.

ನೀರಲ್ಲಿ ಕರಗಿದ ಆಮ್ಲಜನಕವನ್ನು ಮಾತ್ರ ದಡದಲ್ಲೇ, ಬೆಳಕು ಹರಿಯುವ ಮುನ್ನ ಅಳೆಯಿರಿ. ಇರುಳಿಡೀ ಪಾಚಿ ಉಸಿರಾಡಿ ಆಮ್ಲಜನಕದ ಮಟ್ಟ ತಳ ಕಂಡಿರುತ್ತದೆ. ಬಿಸಿಲಲ್ಲಿ ಅದೇ ಪಾಚಿ ಆಮ್ಲಜನಕ ಬಿಡುವುದರಿಂದ, ಮಧ್ಯಾಹ್ನ ಅಳೆದರೆ ಸತ್ತ ಹೊಳೆಯೂ ಆರೋಗ್ಯವಂತನಂತೆ ಕಾಣುತ್ತದೆ! ಬಿಸಿಲಿಗೂ ಪಕ್ಷಪಾತವಿದೆ ಅನ್ನಿಸುವುದು ಆಗಲೇ.