ಎಷ್ಟು ಜನರಿಗೆ ಸುವಾರ್ತೆ ಹೇಳಿದ್ದೀ?

ನನಗೆ ಎರಡು ಕಡೆಯಿಂದಲೂ ಈ ಪ್ರಶ್ನೆ ಬರುತ್ತದೆ. ಸುವಾರ್ತೆ ಅಂದರೆ ಯೇಸುವಿನ ಶುಭಸಂದೇಶ. ನಮ್ಮ ಚರ್ಚಿನ ಸಭೆಯ ಹಿರಿಯರು ಕೇಳುವುದು, "ಆಫೀಸಲ್ಲಿ, ಅಕ್ಕಪಕ್ಕದಲ್ಲಿ ಎಷ್ಟು ಜನರಿಗೆ ಸುವಾರ್ತೆ ಹೇಳಿದ್ದೀ ಮಗಾ?" ಆಫೀಸಿನವರು ಕೇಳುವುದು, "ನೀವು ಎಲ್ಲರಿಗೂ ಹೇಳ್ಲೇಬೇಕಂತೆ ಅಲ್ವಾ? ಮತ್ತೆ ನಮಗೆ ಯಾವಾಗ?" ಒಬ್ಬರಿಗೆ ಲೆಕ್ಕ ಕಡಿಮೆಯಾಯಿತು ಎಂಬ ಚಿಂತೆ, ಇನ್ನೊಬ್ಬರಿಗೆ ಜಾಸ್ತಿಯಾಯಿತು ಎಂಬ ಸಂಶಯ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ಎರಡನೆಯವರು ತಮಾಷೆಗೆ ಕೇಳ್ತಾರೋ ನಿಜಕ್ಕೂ ಕೇಳ್ತಾರೋ ಗೊತ್ತಾಗುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದರ ಲಿಂಕ್ ಕಳಿಸುವುದು.

ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಇಲ್ಲ. ಅಷ್ಟೇ.

ಇದು ಸೋಮಾರಿತನ ಅಂತ ಹಿರಿಯರು ಹೇಳುತ್ತಾರೆ. ಲೋಕಕ್ಕೆಲ್ಲ ಹೋಗಿ ಸಾರಿರಿ ಎಂಬ ವಚನ ಅವರಿಗೆ ಬಾಯಿಪಾಠ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ, 15ನೇ ವಚನ ಮಾತ್ರ ಯಾಕೋ ನೆನಪಾಗುವುದಿಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡಲು ಸಿದ್ಧವಾಗಿರಿ, ಆದರೆ ಮೆತ್ತಗೆ, ಮರ್ಯಾದೆಯಿಂದ ಕೊಡಿ ಅಂತ ಅಲ್ಲಿ ಉಂಟು. ಕೇಳಿದವರಿಗೆ. ಅದನ್ನು ನಾನು ಸೇರಿಸಿದ್ದಲ್ಲ.

ಇನ್ನು "ನಿಮ್ಮ ಹಿರಿಯರು ಅಕ್ಕಿ ಮೂಟೆಯ ಆಸೆಗೆ ಮತ ಬದಲಿಸಿದವರಲ್ವಾ" ಅನ್ನುವವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮತ ಬದಲಿಸಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಕುಲಕಸುಬೂ ಅದರ ಜೊತೆಗೇ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಅಂತ ನೇಯ್ಗೆ, ಹಂಚು ಎಲ್ಲ ಬಂದದ್ದು. ಕಳೆದುಕೊಂಡದ್ದು ಮೊದಲು, ಕೆಲಸ ಸಿಕ್ಕಿದ್ದು ಆಮೇಲೆ. ಹೇಳುವವರ ಅಜ್ಜನ ಮನೆಯ ಮಾಡಿನ ಮೇಲೂ ಅದೇ ಹಂಚು ಇದ್ದೀತು, ಹೋಗಿ ನೋಡಲಿ.

ನನಗೆ ನಿಜಕ್ಕೂ ಸಿಟ್ಟು ಬರುವುದು ನಮ್ಮವರ ಮೇಲೆಯೇ. ಪಕ್ಕದ ಮನೆಯ ಅಕ್ಕನ ಗಂಡನಿಗೆ ಪಾರ್ಶ್ವವಾಯು ಆಗಿ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ನಮ್ಮ ಸಭೆಯ ಒಬ್ಬ ಅಂಕಲ್ ಕೂಡ ಜೊತೆಗೆ ಬಂದರು. ಒಳ್ಳೆಯ ಮನುಷ್ಯ, ಹಣ್ಣು ತಂದಿದ್ದರು. ಅಕ್ಕ ಮಂಚದ ತುದಿಯಲ್ಲಿ ಕೂತು ಮೂಸಂಬಿ ಸುಲಿಯುತ್ತಿದ್ದರು. ಅಂಕಲ್ ಎರಡು ನಿಮಿಷ ಸುಮ್ನೆ ಇದ್ದರು. ಆಮೇಲೆ ಶುರು: ಕುಡಿತ ಬಿಡಬೇಕಿತ್ತು, ದೇವರು ಮೊದಲೇ ಎಚ್ಚರಿಕೆ ಕೊಟ್ಟಿರುತ್ತಾನೆ, ಈಗಲಾದರೂ ತಿರುಗಿಕೊಳ್ಳಬೇಕು. ಮಂಚದಲ್ಲಿದ್ದವರಿಗೆ ಬಾಯಿ ತಿರುಗುತ್ತಿರಲಿಲ್ಲ, ಕಿವಿ ಸರಿಯಾಗಿಯೇ ಇತ್ತು. ಅಕ್ಕ ಅರ್ಧ ಸುಲಿದ ಮೂಸಂಬಿಯನ್ನು ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಅಂಕಲ್‌ನ ಹತ್ತಿರ ತುಳುವಿನಲ್ಲಿ, "ವನಸ್ ಆಂಡಾ?" ಅಂದರು. ಆಗ ಸಂಜೆ ನಾಲ್ಕು ಗಂಟೆ. ಊಟ ಆಯ್ತಾ ಅಂತ ಕೇಳುವ ಹೊತ್ತಾ ಅದು? ಎದ್ದು ಹೋಗಿ ಅಂತ ಹೇಳಲು ಅವರಿಗೆ ಬೇರೆ ಮರ್ಯಾದೆಯ ದಾರಿ ಇರಲಿಲ್ಲ. ಅಂಕಲ್‌ಗೆ ಅದೂ ಅರ್ಥವಾಗಲಿಲ್ಲ, "ಆಯ್ತಮ್ಮ, ಮೀನು ಇತ್ತು" ಅಂದರು.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಶಿಷ್ಯರೂ ಹೀಗೆಯೇ. ಹುಟ್ಟುಕುರುಡನನ್ನು ಕಂಡ ಕೂಡಲೇ ಪಾಪ ಮಾಡಿದವರು ಯಾರು, ಇವನೋ ಇವನ ತಂದೆ ತಾಯಿಯೋ ಅಂತ ವಿಚಾರಣೆ. ಇಬ್ಬರೂ ಅಲ್ಲ ಅಂತ ಯೇಸು ಹೇಳಿದ್ದಾನೆ. ಕಣ್ಣು ಬಂದ ಮೇಲೆ ಆ ಮನುಷ್ಯನನ್ನು ದೊಡ್ಡವರೆಲ್ಲ ಹಿಡಿದು ಪ್ರಶ್ನೆ ಮಾಡಿದರು. ಅವನು ಉಪದೇಶದಿಂದ ಶುರು ಮಾಡಲಿಲ್ಲ. ಅದೆಲ್ಲ ನನಗೆ ಗೊತ್ತಿಲ್ಲ, ಮೊದಲು ಕಾಣುತ್ತಿರಲಿಲ್ಲ, ಈಗ ಕಾಣುತ್ತದೆ ಅಂದ. ಸಾಕ್ಷಿ ಅಂದರೆ ನನಗೆ ಅಷ್ಟೇ. ನಿನಗೆ ಆದದ್ದು ಹೇಳು. ಎದುರಿನವನು ಏನು ಮಾಡಬೇಕು ಅಂತ ಹೇಳಬೇಡ.

ನನ್ನನ್ನು "ಎಷ್ಟು ಜನ" ಅಂತ ಕೇಳುವ ಬದಲು, "ಪ್ರಾರ್ಥನೆ ಮಾಡ್ತೀಯಲ್ಲ, ಉತ್ತರ ಬರ್ತದಾ?" ಅಂತ ಯಾರಾದರೂ ಕೇಳಬಾರದೇ? ಅಕ್ಕ ಕೇಳಿದರು. ಗಂಡನನ್ನು ಮನೆಗೆ ಕರೆದುಕೊಂಡು ಬಂದ ಮೇಲೆ, ಒಂದು ದಿನ ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಾ.

ಜಾಸ್ತಿ ಸಲ ಬರುವುದಿಲ್ಲ ಅಂದೆ. ಅಮ್ಮ ಹುಷಾರಾಗಲಿ ಅಂತ ಬೇಡಿದ್ದೆ, ಅಮ್ಮ ಹೋದಳು. ಆಮೇಲೆ ಪ್ರಾರ್ಥನೆಯಲ್ಲಿ ಬರೀ ಜಗಳ. ಕೀರ್ತನೆಗಳಲ್ಲಿ 88ನೆಯದು ಅಂತ ಒಂದುಂಟು, ಉದ್ದಕ್ಕೂ ದೇವರ ಮೇಲೆ ದೂರು, ಕೊನೆಗೂ ಸಮಾಧಾನ ಇಲ್ಲ, ಕತ್ತಲೆ ಅಂತಲೇ ಮುಗಿಯುತ್ತದೆ. ಅದನ್ನು ಪುಸ್ತಕದಿಂದ ಯಾರೂ ತೆಗೆದು ಹಾಕಿಲ್ಲ. ಅಷ್ಟು ದೂರು ಕೇಳಿಸಿಕೊಳ್ಳುವವನ ಹತ್ತಿರ ಇನ್ನೂ ಮಾತಾಡಬಹುದು ಅಂತ ಅನಿಸಿತು, ಅದಕ್ಕೇ ಬಿಟ್ಟಿಲ್ಲ ಅಂದೆ.

ಅಕ್ಕ ಕ್ಲಿಪ್ ಬಾಯಲ್ಲಿ ಕಚ್ಚಿಕೊಂಡೇ ನಕ್ಕರು. "ನಿಮ್ಮಲ್ಲೂ ಬೈಯ್ಬಹುದಾ? ನಾನು ಕಟೀಲಮ್ಮನಿಗೆ ಬೈದು ಆಮೇಲೆ ತಪ್ಪುಕಾಣಿಕೆ ತೆಗೆದಿಟ್ಟೆ ಮಾರಾಯ್ತಿ." ನಾವಿಬ್ಬರೂ ಬಹಳ ಹೊತ್ತು ನಮ್ಮ ನಮ್ಮ ದೇವರ ಮೇಲಿನ ದೂರುಗಳನ್ನೇ ಹೇಳಿಕೊಂಡೆವು. ಬಕೆಟಿನಲ್ಲಿ ಬಟ್ಟೆ ಹಾಗೇ ಉಳಿದಿತ್ತು.

ಇದನ್ನು ಸಭೆಯಲ್ಲಿ ಹೇಳಿದಾಗ ಅಂಕಲ್ ಕೇಳಿದ್ದು, "ಹಾಗಾದ್ರೆ ಆರಾಧನೆಗೆ ಕರೆದೆಯಾ?" ಇಲ್ಲ ಅಂಕಲ್. ಅಕ್ಕ ಹೋದ ವಾರ ಕಟೀಲು ದೇವಸ್ಥಾನಕ್ಕೆ ಹೋಗಿ ಬಂದರು. ಹೋಗುವ ಮೊದಲು ನನ್ನ ಹತ್ತಿರ, "ನೀನೂ ನಿನ್ನವನಿಗೆ ಒಂದು ಮಾತು ಹೇಳು" ಅಂದರು. ಹೇಳಿದೆ. ಬರುವಾಗ ಪ್ರಸಾದ ತಂದರು. ಅದನ್ನು ತಿಂದೆಯೋ ಇಲ್ಲವೋ ಎಂಬುದು ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ. ಅದಕ್ಕೆ ಇವತ್ತು ಉತ್ತರ ಕೊಡುವುದಿಲ್ಲ.