ಉಪ್ಪುನೀರಿನ ಫ್ಲೈ ರಾಡ್: ರಿಪೇರಿ ಟೇಬಲ್ ಮೇಲೆ ಕಲಿತದ್ದು

ಸಮುದ್ರದ ಮೀನು ಹಿಡಿಯುವವರಿಗೆ ಫ್ಲೈ ರಾಡ್, ಅಂದರೆ ಭಾರದ ದಾರ ಬೀಸಿ ಅದರ ತುದಿಯ ನಕಲಿ ಹುಳವನ್ನು (ಫ್ಲೈ) ದೂರ ಎಸೆಯುವ ಕೋಲು, ಕಟ್ಟಿಕೊಡುವುದು ನನ್ನ ಕೆಲಸ. ಹೊಸದನ್ನು ಕಟ್ಟುವಾಗ ಕಲಿತದ್ದಕ್ಕಿಂತ ಹಳೆಯದನ್ನು ಬಿಚ್ಚುವಾಗ ಕಲಿತದ್ದೇ ಜಾಸ್ತಿ. ಕೆಲಸ ಕಲಿಯಲು ಬರುವವರು ಮೊದಲು ಕೇಳುವುದು ರಾಡಿಗೆ ಸುತ್ತುವ ದಾರದ ಬಣ್ಣದ ಬಗ್ಗೆ, ಕಾರ್ಕ್ ಹಿಡಿಯ ಆಕಾರದ ಬಗ್ಗೆ. ಅದೆಲ್ಲ ಆಮೇಲೆ. ಮೊದಲು ರಿಪೇರಿಗೆ ಬಂದ ರಾಡಿನಿಂದ ಒಂದು ಗೈಡ್, ಅಂದರೆ ಬೀಸುವ ದಾರ ಹಾದುಹೋಗುವ ಉಂಗುರ, ಬಿಚ್ಚಲು ಹೇಳುತ್ತೇನೆ. ಬ್ಲೇಡನ್ನು ಗೈಡಿನ ಲೋಹದ ಪಾದದ ಮೇಲೆಯೇ ಓಡಿಸಬೇಕು. ಬ್ಲಾಂಕಿಗೆ, ಅಂದರೆ ರಾಡಿನ ಬರಿ ಕೋಲಿಗೆ, ತಾಗಿದರೆ ಕಾರ್ಬನ್ ಎಳೆ ತುಂಡಾಗುತ್ತದೆ, ಮುಂದೊಂದು ದಿನ ರಾಡ್ ಸರಿಯಾಗಿ ಅಲ್ಲೇ ಮುರಿಯುತ್ತದೆ.

ಬಿಚ್ಚಿದಾಗ ಕಾಣುವುದು ಕಂದು ಬಣ್ಣದ ತುಕ್ಕು. ಹೊರಗಿನಿಂದ ದಾರದ ಮೇಲೆ ಹಚ್ಚಿದ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಗಾಜಿನಂತೆ ಹೊಳೆಯುತ್ತಿರುತ್ತದೆ, ಒಳಗೆ ಪಾದ ತಿಂದುಹೋಗಿರುತ್ತದೆ. ಕಾರಣ ಸರಳ. ದುಂಡಗಿನ ಬ್ಲಾಂಕ್ ಮೇಲೆ ಗೈಡಿನ ಪಾದ ಇಟ್ಟು ದಾರ ಸುತ್ತಿದರೆ ಪಾದದ ಎರಡೂ ಪಕ್ಕದಲ್ಲಿ ಸಣ್ಣ ಸುರಂಗದಂಥ ಖಾಲಿ ಜಾಗ ಉಳಿಯುತ್ತದೆ. ಅದು ತುಂಬದೇ ಹೋದರೆ ಉಪ್ಪುನೀರು ಒಳಗೆ ಹೋಗುತ್ತದೆ, ನೀರು ಆರುತ್ತದೆ, ಉಪ್ಪು ಅಲ್ಲೇ ಕೂರುತ್ತದೆ, ಗಾಳಿಯಲ್ಲಿ ತೇವ ಇದ್ದಾಗಲೆಲ್ಲ ಅದನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ, ಅಂದರೆ ರಾಡ್ ಮನೆಯ ಮೂಲೆಯಲ್ಲಿ ಸುಮ್ನೆ ನಿಂತಿದ್ದರೂ ತುಕ್ಕಿಗೆ ಕೆಲಸ ಸಿಗುತ್ತಲೇ ಇರುತ್ತದೆ. ಸ್ಟೇನ್‌ಲೆಸ್ ಅಂತ ಹೆಸರಿದ್ದರೂ ಸಮುದ್ರದ ನೀರಿಗೆ ಅದು ಸೋಲುತ್ತದೆ. ಟೈಟೇನಿಯಂ ಸೋಲುವುದಿಲ್ಲ, ಆದರೆ ದುಬಾರಿ.

ಹಾಗಾಗಿ ಎಪಾಕ್ಸಿಯ ಮೊದಲ ಕೋಟ್ ನನ್ನ ಮಟ್ಟಿಗೆ ಅಂದಕ್ಕಾಗಿ ಹಾಕುವುದೇ ಅಲ್ಲ. ಅದನ್ನು ತೆಳುವಾಗಿ, ಸ್ವಲ್ಪ ಬೆಚ್ಚಗೆ ಮಾಡಿ, ಸುರಂಗದ ಒಂದು ಬಾಯಿಗೆ ಹಚ್ಚಿ ಇನ್ನೊಂದು ಕಡೆ ಇಣುಕುವವರೆಗೆ ಕಾಯುತ್ತೇನೆ. ರಾಡ್ ನಿಧಾನವಾಗಿ ತಿರುಗುತ್ತಿರಬೇಕು, ಇಲ್ಲದಿದ್ದರೆ ಎಪಾಕ್ಸಿ ಕೆಳಗೆ ಜೋತುಬೀಳುತ್ತದೆ. ಹೊಳಪು ಬರುವುದು ಎರಡನೇ ಕೋಟಿನಲ್ಲಿ. ಎಪಾಕ್ಸಿಯ ಎರಡು ಭಾಗಗಳನ್ನು ಕಣ್ಣಂದಾಜಿನಲ್ಲಿ ಬೆರೆಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸಿರಿಂಜ್ ಇದೆ ಅಲ್ವಾ? ಅಳತೆ ತಪ್ಪಿದರೆ ಅದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ.

ರೀಲ್ ಸೀಟಿನದು, ಅಂದರೆ ದಾರ ಸುತ್ತುವ ರೀಲನ್ನು ಕೂರಿಸುವ ಜಾಗದ್ದು, ಇದೇ ಕಥೆ, ಇನ್ನೂ ಕೆಟ್ಟ ರೂಪದಲ್ಲಿ. ಸೀಟ್ ಅಲ್ಯೂಮಿನಿಯಂ, ಬ್ಲಾಂಕ್ ಕಾರ್ಬನ್. ಇವೆರಡೂ ಒಂದಕ್ಕೊಂದು ತಾಗಿಕೊಂಡು ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ, ಕರಗಿಹೋಗುವುದು ಅಲ್ಯೂಮಿನಿಯಂ. ಮೇಲಿನ ಆನೊಡೈಸ್ ಪದರ (ವಿದ್ಯುತ್ತಿನಿಂದ ಬೆಳೆಸಿದ ಗಟ್ಟಿ ಪೊರೆ) ಅದನ್ನು ಕಾಯುತ್ತದೆ ನಿಜ, ಆದರೆ ಗೀರು ಬೀಳುವ ತನಕ ಮಾತ್ರ. ಸೀಟಿನ ಒಳಗಿನ ಖಾಲಿ ಜಾಗವನ್ನು ಮಾಸ್ಕಿಂಗ್ ಟೇಪ್ ಸುತ್ತಿ ತುಂಬುವ ಹಳೆಯ ಪದ್ಧತಿ ಒಂದಿದೆ. ಸಿಹಿನೀರಿನ ಹಗುರ ರಾಡಿಗೆ ನಡೆಯುತ್ತದೆ. ಇಲ್ಲಿ ಬೇಡ. ಟೇಪಿನ ಅಂಚು ಎಲ್ಲಾದರೂ ತೆರೆದಿದ್ದರೆ ಅದು ಬತ್ತಿಯಂತೆ ನೀರು ಹೀರುತ್ತದೆ. ಗಟ್ಟಿ ಫೋಮಿನ ಆರ್ಬರ್ (ಬ್ಲಾಂಕಿಗೂ ಸೀಟಿಗೂ ನಡುವೆ ಕೂರುವ ಬಳೆ) ಹಾಕಿ, ಮೇಲ್ಮೈ ಒರಟು ಮಾಡಿ, ಎಲ್ಲೂ ಗಾಳಿ ಉಳಿಯದಂತೆ ಎಪಾಕ್ಸಿ ತುಂಬುತ್ತೇನೆ. ಆ ಎಪಾಕ್ಸಿಯೇ ಲೋಹವನ್ನೂ ಕಾರ್ಬನ್ನನ್ನೂ ದೂರ ಇಡುತ್ತದೆ.

ತುದಿಯ ಗೈಡಿಗೆ ಮಾತ್ರ ನಾನು ಎಪಾಕ್ಸಿ ಮುಟ್ಟಿಸುವುದಿಲ್ಲ. ಬಿಸಿಗೆ ಕರಗುವ ಅಂಟು ಸಾಕು. ತುದಿ ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವ ಜಾಗ, ಅದನ್ನು ಇಂದಲ್ಲ ನಾಳೆ ಯಾರೋ ಬದಲಿಸಲೇಬೇಕು. ಅವರು ಸ್ವಲ್ಪ ಬಿಸಿ ಮಾಡಿ ಎಳೆದರೆ ಬರಬೇಕು. ಎಪಾಕ್ಸಿ ಹಾಕಿದ್ದರೆ ಜೋರಾಗಿ ಕಾಯಿಸಬೇಕಾಗುತ್ತದೆ, ಆಗ ಬ್ಲಾಂಕಿನ ಎಳೆಗಳನ್ನು ಹಿಡಿದಿಡುವ ರೆಸಿನ್ನೇ ಹಾಳಾಗಬಹುದು.

ಮುರಿದ ರಾಡ್ ತಂದವರು ಬಹುತೇಕ ಹೇಳುವುದು ಒಂದೇ, ದೊಡ್ಡ ಮೀನು ಮುರಿಯಿತು ಅಂತ. ಇರಬಹುದು. ಆದರೆ 10 ವೇಟ್ ರಾಡ್ (ವೇಟ್ ಅನ್ನುವುದು ಬೀಸುವ ದಾರದ ತೂಕದ ದರ್ಜೆ) ಅಂದರೆ ಬೀಸುವ ದಾರದ ಮೊದಲ 30 ಅಡಿಯೇ ಸುಮಾರು 280 ಗ್ರೇನ್, ಅಂದರೆ 18 ಗ್ರಾಂ ತೂಗುತ್ತದೆ. ಅದನ್ನು ಬೀಸುವ ವೇಗದಲ್ಲಿ ಸೀಸದ ಕಣ್ಣಿರುವ ಭಾರದ ಫ್ಲೈ ಬಂದು ಬ್ಲಾಂಕಿಗೆ ಒಮ್ಮೆ ಬಡಿದರೆ ಸಾಕು. ಅವತ್ತು ಏನೂ ಕಾಣುವುದಿಲ್ಲ. ಮುಂದೆ ಯಾವಾಗಲೋ ಮೀನು ಎಳೆದಾಗ ಆ ಗಾಯ ಬಾಯಿ ಬಿಡುತ್ತದೆ, ಹೆಸರು ಮೀನಿಗೆ ಬರುತ್ತದೆ. ಇನ್ನೊಂದು ಕಾರಣ, ಮೀನು ದೋಣಿಯ ಪಕ್ಕಕ್ಕೆ ಬಂದಾಗ ರಾಡನ್ನು ನೆಟ್ಟಗೆ ಮೇಲೆತ್ತುವುದು. ಆಗ ಭಾರವೆಲ್ಲ ತೆಳು ತುದಿಗೆ ಹೋಗುತ್ತದೆ. ರಾಡನ್ನು ತಗ್ಗಿಸಿ ಹಿಡಿದರೆ ದಪ್ಪ ಬುಡ ಭಾರ ಹೊರುತ್ತದೆ, ಬುಡ ಇರುವುದೇ ಅದಕ್ಕೆ.

ಜೋಡಣೆ ಸಡಿಲವಾಗಿ ಸೀಳಿದವೂ ಬರುತ್ತವೆ. 9 ಅಡಿಯ ನಾಲ್ಕು ತುಂಡಿನ ರಾಡಿನಲ್ಲಿ ಮೂರು ಫೆರೂಲ್, ಅಂದರೆ ಒಂದು ತುಂಡು ಇನ್ನೊಂದರೊಳಗೆ ಕೂರುವ ಜೋಡಣೆ, ಇರುತ್ತವೆ, ಭಾರದ ದಾರ ಬೀಸುತ್ತಾ ಹೋದಂತೆ ಅವು ತಿಳಿಯದಂತೆ ಜಾರುತ್ತವೆ. ಪೂರ್ತಿ ಕೂರದ ಜೋಡಣೆಯಲ್ಲಿ ಬೀಸಿದರೆ ಹೊರಗಿನ ತುಂಡಿನ ಬಾಯಿ ಉದ್ದಕ್ಕೆ ಸೀಳುತ್ತದೆ. ಮೀನು ಹಿಡಿಯುವ ನಡುವೆ ಆಗಾಗ ಕೈಯಾಡಿಸಿ ನೋಡಿ. ಒಳತುಂಡಿಗೆ ಮೇಣದಬತ್ತಿ ಉಜ್ಜಿದರೆ ಜಾರುವುದು ಕಡಿಮೆ. ಉಜ್ಜುವ ಮೊದಲು ಮರಳು ಒರೆಸಿರಬೇಕು.

ತೊಳೆಯುವ ಬಗ್ಗೆ ಜನ ಎಡವುವುದು ಉತ್ಸಾಹದಿಂದ. ಜೋರು ಪೈಪ್ ಹಿಡಿಯುತ್ತಾರೆ. ಒತ್ತಡದ ನೀರು ಉಪ್ಪನ್ನು ಸಂದಿಗಳ ಒಳಗೇ ತಳ್ಳುತ್ತದೆ. ರೀಲ್ ಬಿಚ್ಚಿ, ಸೀಟಿನ ಉಂಗುರ ಸಡಿಲಿಸಿ, ಮೆಲ್ಲಗೆ ಸಿಹಿನೀರು ಹರಿಸಿ, ಬಟ್ಟೆಯಿಂದ ಒರೆಸಿ. ಆಗಲೇ ಒಂದು ಎಳೆ ಹತ್ತಿಯನ್ನು ಗೈಡಿನ ಉಂಗುರಗಳೊಳಗೆ ಆಡಿಸಿ. ಎಲ್ಲಾದರೂ ಸಿಕ್ಕಿಕೊಂಡರೆ ಉಂಗುರದೊಳಗಿನ ಸೆರಾಮಿಕ್ ಬಿರುಕು ಬಿಟ್ಟಿದೆ ಅಂತ ಲೆಕ್ಕ, ಅದು ದಾರವನ್ನು ಸವೆಸುತ್ತದೆ, ಬದಲಿಸಬೇಕು. ರಾಡ್ ಪೂರ್ತಿ ಆರುವ ತನಕ ಟ್ಯೂಬಿಗೆ ಹಾಕಬೇಡಿ. ಒದ್ದೆ ರಾಡನ್ನು ಮುಚ್ಚಿಟ್ಟರೆ ಕಾರ್ಕ್ ಬೂಸ್ಟು ಹಿಡಿಯುತ್ತದೆ, ಎಪಾಕ್ಸಿ ಅಡಿಯಲ್ಲಿ ಗುಳ್ಳೆ ಏಳುತ್ತದೆ, ಆಮೇಲೆ ಅದು ನನ್ನ ಟೇಬಲ್ಲಿಗೇ ಬರುತ್ತದೆ.